ಮೊಳೆ ಹೊಡೆಯದ ಗೋಡೆ

ನನ್ನ ಗಂಡ ಬಚ್ಚಲಿನ ಗೋಡೆಗೆ ಮೊಳೆ ಹೊಡೆಯುವವರಲ್ಲ. ಹದಿನಾಲ್ಕು ದಿನಗಳಿಂದ ಇದೊಂದೇ ಮಾತನ್ನು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಸೈಟಿನಲ್ಲಿ ಹೇಳಿದೆ. ಆಸ್ಪತ್ರೆಯಲ್ಲಿ ಹೇಳಿದೆ. ಪೊಲೀಸ್ ಠಾಣೆಯ ಮೆಟ್ಟಿಲ ಮೇಲೆ ಕೂತು ಹೇಳಿದೆ. ಕೇಳಿದವರೆಲ್ಲ ಹೌದಾ ಹೌದಾ ಅಂದರು. ಬರೆದುಕೊಳ್ಳಬೇಕಾದವರು ಮಾತ್ರ ಪೆನ್ನು ಎತ್ತಲಿಲ್ಲ. ಈಗ ನಿಮಗೆ ಹೇಳುತ್ತಿದ್ದೇನೆ. ನೀವಾದರೂ ಪೂರ್ತಿ ಕೇಳಿ.

ನಾವು ಟೈಲ್ಸ್ ಕೆಲಸದವರು. ಅವರು ಮೇಸ್ತ್ರಿ, ನಾನು ಕೈಯಾಳು. ಕೆಲಸ ಹೇಗೆ ಅಂತ ಮೊದಲು ಹೇಳಬೇಕು, ಇಲ್ಲದಿದ್ದರೆ ಮೋಸ ಹೇಗಾಯಿತು ಅಂತ ನಿಮಗೆ ತಿಳಿಯುವುದಿಲ್ಲ. ಬಚ್ಚಲಿನ ನೆಲ ಯಾವತ್ತೂ ಮಟ್ಟವಾಗಿರುವುದಿಲ್ಲ. ಇರಲೂಬಾರದು. ನೀರು ಹರಿದು ಹೋಗಲಿ ಅಂತ ಒಂದು ಮೂಲೆಗೆ ವಾಟ ಕೊಟ್ಟಿರುತ್ತಾರೆ. ಆ ನೆಲದ ಮೇಲೆಯೇ ಗೋಡೆಯ ಮೊದಲ ಸಾಲು ನಿಲ್ಲಿಸಿದರೆ ಸಾಲುಗಳೆಲ್ಲ ನೆಲದ ಜೊತೆಗೇ ವಾಲುತ್ತವೆ. ನಾಲ್ಕನೇ ಗೋಡೆಗೆ ಬರುವಷ್ಟರಲ್ಲಿ ಗೆರೆಗೆ ಗೆರೆ ಕೂಡುವುದಿಲ್ಲ. ಅದಕ್ಕೇ ನಾವು ಕೆಳಗಿನ ಸಾಲನ್ನು ಕೊನೆಗೆ ಹಾಕುತ್ತೇವೆ. ನೀರು ತುಂಬಿದ ಉದ್ದನೆಯ ಟ್ಯೂಬಿನ ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ತುದಿ ನನ್ನ ಕೈಯಲ್ಲಿ. ಎರಡೂ ಕಡೆ ನೀರು ಅಲುಗಾಡದೆ ನಿಂತ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕುತ್ತೇವೆ. ನಾಲ್ಕೂ ಗೋಡೆ ಸುತ್ತಿ ಬಂದ ಗುರುತು, ಹೊರಟ ಗುರುತಿಗೇ ಬಂದು ಕೂಡಬೇಕು. ಕೂದಲೆಳೆಯಷ್ಟು ತಪ್ಪಿದರೂ ಅವರು ಒರೆಸಿಬಿಟ್ಟು, "ಇನ್ನೊಂದ್ಸಲ ಹಿಡಿ" ಅನ್ನುತ್ತಾರೆ. ಆಮೇಲೆ ಆ ಗುರುತಿಗೆ ಸರಿಯಾಗಿ ಒಂದು ಮರದ ಪಟ್ಟಿ ನಿಲ್ಲಿಸಿ, ಎರಡನೇ ಸಾಲನ್ನು ಅದರ ಮೇಲೆ ಕೂರಿಸಿಕೊಂಡು ಮೇಲಕ್ಕೆ ಹೋಗುತ್ತೇವೆ. ಟೈಲ್ಸ್ ಅಂಟಿಸುವ ಗಮ್ ಗಟ್ಟಿಯಾದ ಮೇಲೆ ಪಟ್ಟಿ ತೆಗೆದು, ಕೆಳಗೆ ಉಳಿದ ಜಾಗಕ್ಕೆ ಟೈಲ್ಸ್ ಕೊಯ್ದು ಕೂರಿಸುತ್ತೇವೆ.

ಆ ಪಟ್ಟಿಯನ್ನು ಬೇರೆ ಮೇಸ್ತ್ರಿಗಳು ಗೋಡೆಗೆ ಮೊಳೆ ಹೊಡೆದು ನಿಲ್ಲಿಸುತ್ತಾರೆ. ನಾಲ್ಕು ಏಟು ಹಾಕಿದರೆ ಆಯಿತು. ನಮ್ಮವರು ಹೊಡೆಯುವುದಿಲ್ಲ. ಟೈಲ್ಸಿಗೂ ಮೊದಲು ಆ ಗೋಡೆಗೆ ನೀರು ಇಳಿಯದ ಹಾಗೆ ಕೋಟಿಂಗ್ ಬಳಿದಿರುತ್ತಾರೆ. ಅದರ ಮೇಲೆ ಒಂದು ಮೊಳೆ ಹೊಡೆದರೂ ನೀರಿಗೆ ನಾವೇ ದಾರಿ ತೋರಿಸಿದಂತೆ. ಹಾಗಾಗಿ ಅವರು ನೆಲದಿಂದ ಇಟ್ಟಿಗೆ ಪೇರಿಸಿ, ಸಂದಿಗೆ ಮರದ ಚಕ್ಕೆ ತೂರಿಸಿ, ರಸಮಟ್ಟ ಇಟ್ಟು ನೋಡಿ ನೋಡಿ ಪಟ್ಟಿ ಕೂರಿಸುತ್ತಾರೆ. ಅರ್ಧ ಗಂಟೆ ಹೆಚ್ಚು ಹಿಡಿಯುತ್ತದೆ. ನಮಗೆ ಕೂಲಿ ಬಚ್ಚಲಿಗೆ ಇಷ್ಟು ಅಂತ. ಗಂಟೆಯ ಲೆಕ್ಕ ಇಲ್ಲ. ಆ ಅರ್ಧ ಗಂಟೆ ನಮ್ಮ ಹೊಟ್ಟೆಯಿಂದಲೇ ಹೋಗುವುದು.

ರಸಮಟ್ಟ ಅಂದರೆ ನಡುವೆ ಗಾಳಿಗುಳ್ಳೆ ಆಡುವ ಗಾಜಿನ ಕೊಳವೆ ಇರುತ್ತದಲ್ಲ, ಆ ಪಟ್ಟಿ. ಸೈಟಿನಲ್ಲಿ ಅವರ ಹೆಸರೂ ಅದೇ. ರಸಮಟ್ಟದಣ್ಣ. ಊಟಕ್ಕೆ ಕೂತರೂ ತಟ್ಟೆ ನೇರ ಮಾಡಿಕೊಂಡೇ ತುತ್ತು ಎತ್ತುವ ಮನುಷ್ಯ. ಮದುವೆಯಾದ ಹೊಸದರಲ್ಲಿ ಗೋಡೆಯ ಕನ್ನಡಿಯನ್ನು ದಿನಕ್ಕೆ ಎರಡು ಸಲ ಸರಿ ಮಾಡುತ್ತಿದ್ದರು. "ಕನ್ನಡಿ ಸರಿಯಾಗೇ ಇದೆ ಕಣ್ರೀ, ಮನೆನೇ ವಾಲಿರೋದು" ಅಂತ ನಾನು ರೇಗಿಸುತ್ತಿದ್ದೆ. ಸುಳ್ಳೇನಲ್ಲ. ನಮ್ಮದು ಹತ್ತು ಬಾಗಿಲಿನ ಸಾಲುಮನೆ, ಹತ್ತು ಮನೆಗೂ ಒಂದೇ ನಲ್ಲಿ. ನಾವಿಬ್ಬರೂ ಸೇರಿ ಇಷ್ಟು ವರ್ಷಗಳಲ್ಲಿ ಮುನ್ನೂರು ಬಚ್ಚಲಾದರೂ ಮುಗಿಸಿರಬೇಕು. ಸ್ನಾನ ಮಾಡುವುದು ಮನೆಯ ಹಿಂದೆ, ಗೋಣಿಚೀಲದ ಪರದೆಯೊಳಗೆ. ಗಮ್ ಕಲಸಿ ಕಲಸಿ ನನ್ನ ಬೆರಳುಗಳ ಸಂದಿ ಸೀಳಿಹೋಗಿದೆ. ಉಪ್ಪು ಮುಟ್ಟಿದರೆ ಜೀವ ಹೋಗುತ್ತದೆ.

ಈಗ ಆ ಬಚ್ಚಲಿನ ವಿಷಯಕ್ಕೆ ಬರುತ್ತೇನೆ.

ನಮ್ಮ ಸೈಟಿನಲ್ಲಿ ಎರಡು ಕಟ್ಟಡ. ಮುಂದಿನದು ಮುಗಿದು ಆರು ತಿಂಗಳಾಯಿತು, ಜನ ಬಂದಿದ್ದಾರೆ. ಹಿಂದಿನದು ಇನ್ನೂ ನಡೆಯುತ್ತಿದೆ. ಮುಂದಿನ ಕಟ್ಟಡದ ಮೂರನೇ ಮಹಡಿಯ ಬಚ್ಚಲಿಗೆ ನಾವು ಸಾಮಾನು ಹೊತ್ತುಕೊಂಡು ಹೋದ ದಿನ ನನಗೆ ಚೆನ್ನಾಗಿ ನೆನಪಿದೆ. ಕೋಟಿಂಗನ್ನು ಎರಡು ಸಲ ಬಳಿಯಬೇಕು. ಮೊದಲು ಬೂದು, ಅದು ಒಣಗಿದ ಮೇಲೆ ಬಿಳಿ. ಎರಡು ಬಣ್ಣ ಯಾಕೆಂದರೆ, ಎರಡನೇ ಸಲ ಬಳಿದಿದ್ದಾರೋ ಇಲ್ಲವೋ ಅನ್ನುವುದು ಕಣ್ಣಿಗೆ ಕಾಣಲಿ ಅಂತ. ಬಾಗಿಲಲ್ಲಿ ನಿಂತು ನೋಡಿದರೆ ಗೋಡೆಯೆಲ್ಲ ಬೆಳ್ಳಗಿತ್ತು. ಒಳಗೆ ಕಾಲಿಟ್ಟು ಬಾಗಿಲ ಹಿಂದಕ್ಕೆ ತಿರುಗಿದರೆ ಬೂದು. ನಲ್ಲಿಯ ಕೆಳಗೆ ಬೂದು. ಮೂಲೆಯಲ್ಲಿ ಬೂದು. ಅದೂ ಎಷ್ಟು ತೆಳುವೆಂದರೆ, ಗಾರೆಯ ಮರಳಿನ ಕಾಳು ಎಣಿಸಬಹುದಿತ್ತು. ಬಾಗಿಲಿಂದ ಇಣುಕುವ ಇಂಜಿನಿಯರ್ ಕಣ್ಣಿಗೆ ಎಷ್ಟು ಬೀಳುತ್ತದೋ ಅಷ್ಟಕ್ಕೆ ಮಾತ್ರ ಬಿಳಿ ಬಳಿದಿದ್ದರು.

ನಮ್ಮವರು ಬೆರಳಿನಿಂದ ಉಜ್ಜಿ ನೋಡಿದರು. ಬೆರಳಿಗೆ ಪುಡಿ ಅಂಟಿತು. ಟ್ಯೂಬ್ ಕೆಳಗಿಟ್ಟು ಸೂಪರ್‌ವೈಸರನ್ನು ಕರೆದುಕೊಂಡು ಬಂದರು. ಸೈಟಿನಲ್ಲಿ ಗಂಡಸರಿಗೆಲ್ಲ ಹಳದಿ ಹೆಲ್ಮೆಟ್, ಹೆಂಗಸರಿಗೆ ತಲೆವಸ್ತ್ರವೇ ಹೆಲ್ಮೆಟ್. ಬಿಳಿ ಹೆಲ್ಮೆಟ್ ಇದ್ದದ್ದು ಅವನೊಬ್ಬನಿಗೆ. ನಾವು ಬೆನ್ನ ಹಿಂದೆ ಕರೆಯುವುದೂ ಹಾಗೇ, ಬಿಳಿ ಹೆಲ್ಮೆಟ್.

"ಸಾರ್, ಎರಡನೇ ಕೋಟು ಆಗಿಲ್ಲ. ನೀರು ನಿಲ್ಸಿ ನೋಡಿದ್ರಾ?" ಅಂತ ಇವರು ಕೇಳಿದರು.

ನೀರು ನಿಲ್ಲಿಸುವುದು ಅಂದರೆ, ಬಚ್ಚಲಿನ ತೂತಿಗೆ ಬಟ್ಟೆಯ ಉಂಡೆ ತುರುಕಿ, ಹೊಸ್ತಿಲಿಗೆ ಇಟ್ಟಿಗೆ ಇಟ್ಟು ಗಾರೆ ಮೆತ್ತಿ, ನಾಲ್ಕು ಬೆರಳು ನೀರು ತುಂಬಿ ಎರಡು ದಿನ ಬಿಡುವುದು. ಕೆಳಗಿನ ಮನೆಯ ಸೂರು ಒದ್ದೆಯಾಗದಿದ್ದರೆ ಕೆಲಸ ಸರಿ. ಒದ್ದೆಯಾದರೆ ಮತ್ತೆ ಬಳಿಯಬೇಕು. ಟೈಲ್ಸ್ ಹಾಕುವ ಮೊದಲು ಮಾಡಲೇಬೇಕಾದ್ದು ಇದೊಂದು.

ಬಿಳಿ ಹೆಲ್ಮೆಟ್ ಗಡಿಯಾರ ನೋಡಿಕೊಂಡ. "ಎರಡು ದಿನ ನೀರು ನಿಲ್ಸ್ಕೊಂಡು ಅದನ್ನೇ ನೋಡ್ತಾ ಕೂತ್ಕೊಳ್ಳಾ? ಶುಕ್ರವಾರ ಮನೆಯೋರಿಗೆ ಬೀಗದ ಕೈ ಕೊಡ್ಬೇಕು. ನಿನ್ ಕೆಲಸ ಟೈಲ್ಸು. ಅದರ ಹಿಂದೆ ಏನಿದೆ ಅನ್ನೋದು ನಿನಗ್ಯಾಕೆ?"

"ನೀರು ಇಳಿದ್ರೆ ಸಾರ್..."

"ಇಳಿದ್ರೆ ನಾನಿದೀನಿ. ಆಗಲ್ಲ ಅಂದ್ರೆ ಹೇಳು. ಗೇಟ್ ಹತ್ರ ಹತ್ತು ಜನ ಕಾಯ್ತಾ ನಿಂತಿದಾರೆ."

ಅವರು ನನ್ನ ಮುಖ ನೋಡಿದರು. ನಾನು ಏನೂ ಹೇಳಲಿಲ್ಲ. ಯಾವಾಗಲೂ ನನ್ನ ಬಾಯಿ ದೊಡ್ಡದು ಅನ್ನುತ್ತಾರೆ ಎಲ್ಲರೂ. ಅವತ್ತು ಆ ಬಾಯಿ ಎಲ್ಲಿ ಹೋಗಿತ್ತೋ. ನಾನು ಬಾಂಡ್ಲಿ ಎಳೆದುಕೊಂಡು ಗಮ್ ಕಲಸಲು ಕೂತೆ. ಅವರು ಇಟ್ಟಿಗೆ ಪೇರಿಸಿ ಪಟ್ಟಿ ಕೂರಿಸಿದರು. ಒಂದೂ ಮೊಳೆ ಹೊಡೆಯಲಿಲ್ಲ. ಎರಡು ದಿನಗಳಲ್ಲಿ ಬೂದು, ಬಿಳಿ ಎರಡೂ ಟೈಲ್ಸ್ ಹಿಂದೆ ಹೋದವು. ಗೊತ್ತಿದ್ದೂ ಮುಚ್ಚಿದೆವು. ಇದನ್ನು ನಾನು ಬಚ್ಚಿಡುವುದಿಲ್ಲ, ಬಚ್ಚಿಟ್ಟರೆ ನನಗೂ ಬಿಳಿ ಹೆಲ್ಮೆಟ್‌ಗೂ ಏನು ವ್ಯತ್ಯಾಸ?

ಆರು ತಿಂಗಳು ಏನೂ ಆಗಲಿಲ್ಲ. ಆಗಲಿಲ್ಲ ಅಂತ ನಾವಂದುಕೊಂಡಿದ್ದೆವು. ನೀರು ಒಳಗೊಳಗೇ ಇಳಿದು, ಸ್ಲ್ಯಾಬಿನೊಳಗಿನ ವಯರ್ ಪೈಪು ಹಿಡಿದು, ಎರಡನೇ ಮಹಡಿಯ ಬಚ್ಚಲಿನ ಸ್ವಿಚ್ಚಿನ ಪೆಟ್ಟಿಗೆಗೆ ಬಂದು ನಿಂತಿತ್ತು. ಆ ಮನೆಯಲ್ಲಿ ನೆಲ ತೊಳೆಯುವುದು ನಮ್ಮ ಸಾಲಿನ ಮೂರನೇ ಬಾಗಿಲಿನ ಅಕ್ಕ. ನನಗಿಂತ ಎರಡು ವರ್ಷ ದೊಡ್ಡವಳು. ನಾನು ಬಾಣಂತಿಯಾಗಿದ್ದಾಗ ನನ್ನ ಮಗುವಿನ ಬಟ್ಟೆ ಒಗೆದು ಕೊಟ್ಟವಳು. ಒಂದು ಬುಧವಾರ ಬೆಳಿಗ್ಗೆ ಅವಳು ಗೋಡೆ ಉಜ್ಜಿ, ಒದ್ದೆ ಕೈಯಲ್ಲಿ ಲೈಟ್ ಆರಿಸಲು ಹೋದಳು. ಕರೆಂಟು ಎತ್ತಿ ಒಗೆಯಿತು. ಬಲಗೈ ಅಂಗೈಯಿಂದ ಮೊಣಕೈವರೆಗೆ ಸುಟ್ಟಿತು. ಬಿದ್ದ ರಭಸಕ್ಕೆ ಸೊಂಟದ ಮೂಳೆ ಮುರಿಯಿತು.

ಎರಡು ದಿನ ಬಿಟ್ಟು, ಶುಕ್ರವಾರ, ಬಿಳಿ ಹೆಲ್ಮೆಟ್ ಹಿಂದಿನ ಕಟ್ಟಡಕ್ಕೆ ನಮ್ಮನ್ನು ಹುಡುಕಿಕೊಂಡು ಬಂದ. ಯಾವತ್ತೂ ಇಲ್ಲದ್ದು, ಕೈಯಲ್ಲಿ ಚಹಾ ತಂದಿದ್ದ. ಇನ್ನೊಂದು ಕೈಯಲ್ಲಿ ಒಂದು ಕಾಗದ.

"ಏನಿಲ್ಲ ರಸಮಟ್ಟ, ಆಫೀಸಿಗೆ ಒಂದು ಕಾಗದ ಬೇಕಂತೆ. ಇಲ್ಲೊಂದು ಸೈನ್ ಹಾಕು."

ನಮ್ಮವರು ಅಕ್ಷರ ಕೂಡಿಸಿ ಓದುವವರು. ಒಂದೊಂದೇ ಸಾಲಿಗೆ ಬೆರಳಿಟ್ಟು ಓದಿದರು. ಚಹಾ ಆರಿತು. 'ಟೈಲ್ಸ್ ಹಾಕುವಾಗ ಗೋಡೆಗೆ ಮೊಳೆಗಳನ್ನು ಹೊಡೆದ ಕಾರಣ ಕೋಟಿಂಗ್ ಹರಿದು ನೀರು ಸೋರಿರುತ್ತದೆ' ಅಂತ ಬರೆದಿತ್ತು.

"ನಾನು ಮೊಳೆ ಹೊಡೆದಿಲ್ಲ ಸಾರ್."

"ಎಲ್ಲಾ ಮೇಸ್ತ್ರಿಗಳೂ ಹೊಡೀತಾರಪ್ಪ."

"ನಾನು ಹೊಡೆಯಲ್ಲ. ನೀವೇ ಎಷ್ಟು ಸಲ ಬೈದಿದೀರಿ, ಇಟ್ಟಿಗೆ ಪೇರಿಸ್ಕೊಂಡು ಹೊತ್ತು ಕಳೀತೀಯ ಅಂತ."

ಬಿಳಿ ಹೆಲ್ಮೆಟ್ ನಕ್ಕ. "ಅದಕ್ಕೆ ಸಾಕ್ಷಿ ಯಾರು? ಗೋಡೆ ಮುಚ್ಚಿಹೋಗಿದೆ. ನೋಡು, ಸೋಮವಾರ ಸರ್ಕಾರದ ತನಿಖೆ ಸಾಹೇಬ್ರು ಬರ್ತಾರೆ. ಸೈನ್ ಮಾಡಿದ್ರೆ ಏನೋ ಒಂದು ಸಣ್ಣ ದಂಡ, ಕಂಪನಿ ನೋಡ್ಕೊಳ್ಳುತ್ತೆ. ಹಿಂದಿನ ಕಟ್ಟಡದ ಅಷ್ಟೂ ಬಚ್ಚಲು ನಿಂಗೇ. ಮಾಡಲ್ಲ ಅಂದ್ರೆ, ಈ ಊರಲ್ಲಿ ಯಾವ ಸೈಟಲ್ಲಿ ನಿನ್ನ ಒಳಗೆ ಬಿಡ್ತಾರೋ ನಾನೂ ನೋಡ್ತೀನಿ."

ಅವನು ಹೋದ ಮೇಲೆ ನಾನೇ ಹೇಳಿದೆ, "ಗೀಚಿ ಬಿಸಾಕ್ರೀ ಅತ್ಲಾಗೆ. ಒಂದು ಸೈನಿಗೆ ಏನು ಬೆಲೆ? ಮಕ್ಕಳ ಹೊಟ್ಟೆ ನೋಡಿ."

ಅವರು ರಸಮಟ್ಟವನ್ನು ತೊಡೆಯ ಮೇಲಿಟ್ಟುಕೊಂಡು ಅದರ ಗುಳ್ಳೆಯನ್ನೇ ನೋಡುತ್ತ ಕೂತರು. ನನಗೆ ಸಿಟ್ಟು ಬಂತು. ಈ ಮನುಷ್ಯನ ನೆಟ್ಟಗಿನ ಬಾಳು ಯಾರಿಗೆ ಬೇಕಾಗಿದೆ ಅನ್ನಿಸಿತು.

ಸಂಜೆ ಮನೆಗೆ ಬಂದರೆ ಸುದ್ದಿ ನಮಗಿಂತ ಮೊದಲೇ ಬಂದು ಕೂತಿತ್ತು. ಅಕ್ಕನ ಗಂಡ ನಮ್ಮ ಸೈಟಿನಲ್ಲೇ ಹಿಂದಿನ ಕಟ್ಟಡದ ಕಾವಲುಗಾರ. ಅವನ ಕಿವಿಗೆ ಬಿಳಿ ಹೆಲ್ಮೆಟ್ ಮಧ್ಯಾಹ್ನವೇ ಊದಿದ್ದ. ನಲ್ಲಿಯ ಹತ್ತಿರ ಹೋದರೆ ಅಕ್ಕನ ಅತ್ತೆ ನನ್ನ ಕೊಡವನ್ನು ಸಾಲಿನಿಂದ ಎತ್ತಿ ಚರಂಡಿಯ ಪಕ್ಕ ಇಟ್ಟಿದ್ದಳು.

"ಯಾಕಜ್ಜಿ?"

"ನನ್ನ ಸೊಸೆ ಕೈ ತಿಂದೋರಿಗೆ ಇಲ್ಲಿ ನೀರಿಲ್ಲ" ಅಂದಳು ಮುದುಕಿ. ನಲ್ಲಿಯ ಹತ್ತಿರ ಆರು ಹೆಂಗಸರು ನಿಂತಿದ್ದರು. ಎಲ್ಲರೂ ತಂತಮ್ಮ ಕೊಡ ಮುಂದಕ್ಕೆ ಸರಿಸಿಕೊಂಡರು. ಅಜ್ಜಿಯ ಮೇಲೆ ನನಗೆ ಸಿಟ್ಟು ಬರಲಿಲ್ಲ, ಅಳು ಬಂತು. ಇದಕ್ಕೆಲ್ಲ ಕಾರಣನಾದವನು ಕಾರಿನಲ್ಲಿ ಮನೆಗೆ ಹೋಗಿದ್ದಾನೆ. ಇಲ್ಲಿ ನಾವು ಒಂದು ನಲ್ಲಿಯ ಸುತ್ತ ನಿಂತು ಒಬ್ಬರ ಮುಖ ಒಬ್ಬರು ಸುಡುತ್ತಿದ್ದೇವೆ.

ಸ್ವಲ್ಪ ಹೊತ್ತಿಗೆ ಕಾವಲುಗಾರ ಬಂದು ಬಾಗಿಲಲ್ಲಿ ನಿಂತ. ಆಸ್ಪತ್ರೆಯಿಂದ ಸೀದಾ ಬಂದಿದ್ದ, ಎರಡು ದಿನದ ಗಡ್ಡ.

"ಅಣ್ಣಾ, ಒಂದೇ ಮಾತು ಕೇಳ್ತೀನಿ. ಮೊಳೆ ಹೊಡೆದ್ಯಾ?"

"ಇಲ್ಲ ಕಣೋ."

"ಮತ್ತೆ ನೀರು ಹೆಂಗೆ ಇಳೀತು?"

ಇಲ್ಲಿ ಇವರು ಸುಮ್ಮನಿರಬಹುದಿತ್ತು. ಸುಮ್ಮನಿರಿ ಅಂತ ನಾನು ಕಣ್ಣಲ್ಲೇ ಹೇಳಿದೆ. ಆದರೆ ಇವರು ಎಲ್ಲವನ್ನೂ ಹೇಳಿದರು. ಬಾಗಿಲ ಹಿಂದಿನ ಬೂದು ಗೋಡೆ, ಬೆರಳಿಗೆ ಅಂಟಿದ ಪುಡಿ, ಬಿಳಿ ಹೆಲ್ಮೆಟ್ ಆಡಿದ ಮಾತು. "ಸೋರುತ್ತೆ ಅಂತ ಗೊತ್ತಿತ್ತು. ಗೊತ್ತಿದ್ದೂ ಟೈಲ್ಸ್ ಹಾಕ್ದೆ. ನನ್ನ ತಪ್ಪು ಅಷ್ಟಿದೆ" ಅಂದರು.

"ಆವತ್ತೇ ನನಗೊಂದು ಮಾತು ಹೇಳಿದ್ರೆ, ಆ ಮನೆಗೆ ಅವಳನ್ನ ಕಳಿಸ್ತಿರ್ಲಿಲ್ಲ ಅಣ್ಣಾ" ಅಂದ ಕಾವಲುಗಾರ. ಉಗುಳಿದ್ದರೆ ಒರೆಸಿಕೊಳ್ಳಬಹುದಿತ್ತು. ಅವನು ಉಗುಳಲಿಲ್ಲ, ಸುಮ್ಮನೆ ತಿರುಗಿ ಹೋದ. ನಮ್ಮವರು ಅವತ್ತು ತಟ್ಟೆ ಮುಟ್ಟಲಿಲ್ಲ.

ಮರುದಿನ ಬೆಳಿಗ್ಗೆ ನಾನು ಆಸ್ಪತ್ರೆಗೆ ಹೋದೆ. ಅಕ್ಕನ ಕೈಗೆ ಭುಜದವರೆಗೆ ಬಟ್ಟೆ ಸುತ್ತಿದ್ದರು. ಮಾತಾಡಿಸುತ್ತಾಳೋ ಇಲ್ಲವೋ ಅಂತ ಕಾಲ ಹತ್ತಿರ ನಿಂತಿದ್ದೆ.

"ಅಲ್ಲೇನು ಕಂಬದ ಹಾಗೆ ನಿಂತಿದೀಯ? ಬಾ, ಮೂಗು ಕೆರೀತಿದೆ, ಎಡಗೈಲೂ ಸೂಜಿ ಚುಚ್ಚಿದಾರೆ. ಸ್ವಲ್ಪ ಕೆರಿ" ಅಂದಳು.

ನಾನು ಮೂಗು ಕೆರೆದೆ. ನಗುವೂ ಬಂತು, ಅಳುವೂ ಬಂತು.

"ನಮ್ಮವರು ಮೊಳೆ ಹೊಡೆದಿಲ್ಲ ಅಕ್ಕಾ."

"ಗೊತ್ತು ಕಣೇ. ಆ ಕಟ್ಟಡದಲ್ಲಿ ನೀವು ಹಾಕಿದ ಗೋಡೆನ ದಿನಾ ಬ್ರಷ್ ಹಿಡ್ಕೊಂಡು ಉಜ್ಜೋಳು ನಾನು. ಒಂದು ಗೆರೆ ಹಿಡಿದು ಉಜ್ತಾ ಹೋದ್ರೆ ನಾಲ್ಕು ಗೋಡೆ ಸುತ್ತಿ ಅದೇ ಜಾಗಕ್ಕೆ ಬರ್ತಿತ್ತು. ಇಷ್ಟು ನೆಟ್ಟಗೆ ಹಾಕಿದ್ದಾನಲ್ಲ, ಇವನಿಗೆ ಮನೇಲಿ ಬೇರೆ ಕೆಲಸ ಇಲ್ವಾ ಅಂದ್ಕೋತಿದ್ದೆ. ಅಂಥೋನು ಮೊಳೆ ಹೊಡೀತಾನಾ?" ಉಸಿರು ತೆಗೆದುಕೊಂಡಳು. "ಸರಿ, ಅದಿರ್ಲಿ. ಇದನ್ನ ಕೇಳು. ನಿನ್ನೆ ಕಂಪನಿಯೋರು ಬಂದಿದ್ರು. ಮೇಸ್ತ್ರಿ ತಪ್ಪು ಅಂತಾದ್ರೆ ನಾವು ಏನೂ ಕೊಡೋ ಹಾಗಿಲ್ಲ, ಆಸ್ಪತ್ರೆ ಖರ್ಚು ನಿಮ್ದೇ ಅಂದ್ರು. ನಿನ್ನ ಗಂಡ ಸೈನ್ ಹಾಕಿದ್ರೆ ನನ್ನ ಕೈಗೂ ಸೈನ್ ಹಾಕಿದ ಹಾಗೆ."

ಹಿಂದಿನ ದಿನವಷ್ಟೇ ಗೀಚಿ ಬಿಸಾಕಿ ಅಂದವಳು ನಾನು.

"ಹೆಂಗೆ ತೋರ್ಸೋದು ಅಕ್ಕಾ? ಗೋಡೆ ಮುಚ್ಚಿಹೋಗಿದೆ."

"ಹಿಂದಿನ ಕಟ್ಟಡದಲ್ಲಿ ಇನ್ನೂ ಟೈಲ್ಸ್ ಹಾಕಿಲ್ಲ ಅಲ್ವಾ? ಕೋಟಿಂಗ್ ಮಾತ್ರ ಆಗಿದೆ. ಹೋದ ತಿಂಗಳು ಯಾರೋ ಮನೆ ನೋಡೋಕೆ ಬರ್ತಾರೆ ಅಂತ ನನ್ನ ಕೈಲಿ ಎರಡನೇ ಮಹಡಿ ಬಚ್ಚಲು ತೊಳೆಸಿದ್ರು. ಇಳಿದು ಬರೋವಾಗ ನೋಡ್ತೀನಿ, ಕೆಳಗಡೆ ಸೂರಿಂದ ತೊಟ್ಟಿಕ್ತಿತ್ತು. ಅಲ್ಲಿ ಯಾವ ಮೇಸ್ತ್ರಿ ಯಾವ ಮೊಳೆ ಹೊಡೆದಿದ್ದ? ಕೇಳು ಹೋಗಿ."

ನಾನು ಆಸ್ಪತ್ರೆಯಿಂದ ಸೈಟಿಗೆ ಹೆಚ್ಚುಕಡಿಮೆ ಓಡಿಕೊಂಡೇ ಬಂದೆ. ಶನಿವಾರ ಮಧ್ಯಾಹ್ನಕ್ಕೆ ಕೆಲಸ ಬಿಡುತ್ತದೆ, ಭಾನುವಾರ ಯಾರೂ ಬರುವುದಿಲ್ಲ. ಬಿಳಿ ಹೆಲ್ಮೆಟ್ ಆಗಲೇ ಹೊರಟುಹೋಗಿದ್ದ. ಮೆಟ್ಟಿಲ ಹತ್ತಿರ ಕೈಕಾಲು ತೊಳೆಯುತ್ತಿದ್ದವರನ್ನು ನಿಲ್ಲಿಸಿ ಅಕ್ಕ ಹೇಳಿದ್ದನ್ನು ಹೇಳಿದೆ. ಟೈಲ್ಸಿನವರು, ಪ್ಲಂಬರ್, ಮರಳು ಹೊರುವ ಹೆಂಗಸರು, ಎಲ್ಲ ಸೇರಿ ಇಪ್ಪತ್ತು ಜನ ಇದ್ದರು. ಕೋಟಿಂಗ್ ಬಳಿಯುವವನೂ ಇದ್ದ. ಅವನು ಮೂಲೆಗೆ ಸರಿದ.

"ನೀನು ಹೇಳಪ್ಪಾ" ಅಂದರು ನಮ್ಮವರು. ಬೈಯಲಿಲ್ಲ.

ಅವನು ನೆಲ ನೋಡಿಕೊಂಡೇ ಹೇಳಿದ. "ಆರು ಡಬ್ಬಿ ಬೇಕಾದ ಕಡೆ ಎರಡು ಡಬ್ಬಿ ಕೊಡ್ತಾರಣ್ಣಾ. ನೀರು ಬೆರ್ಸು, ಬಾಗಿಲಲ್ಲಿ ನಿಂತ್ರೆ ಕಾಣೋ ಕಡೆ ಬಿಳಿ ಬಳಿ ಅಂತಾರೆ. ನಂಗೂ ಮೂರು ಮಕ್ಕಳು."

"ನಮ್ಗೂ ಇದಾವೆ" ಅಂದೆ ನಾನು. "ಅಕ್ಕಂಗೂ ಇದಾವೆ."

ಅವನು ತನ್ನ ಹಳೆಯ ಅಂಗಿಯನ್ನು ಚೀಲದಿಂದ ತೆಗೆದು, ಟರ್ ಟರ್ ಅಂತ ಹರಿದು, ಉಂಡೆ ಮಾಡಲು ಶುರುಮಾಡಿದ. ಏನು ಮಾಡಬೇಕು ಅಂತ ಯಾರಿಗೂ ಹೇಳಬೇಕಾಗಲಿಲ್ಲ. ಹೆಂಗಸರು ಇಟ್ಟಿಗೆ ಹೊತ್ತರು. ಟೈಲ್ಸಿನವರು ಹೊಸ್ತಿಲಿಗೆ ಗಾರೆ ಮೆತ್ತಿದರು. ಪ್ಲಂಬರ್ ಒಂದೊಂದು ತೂತಿಗೂ ಬಟ್ಟೆ ತುರುಕಿ ಪ್ಲಾಸ್ಟಿಕ್ ಕಟ್ಟಿದ. ಮೂರು ಮಹಡಿ, ಹನ್ನೆರಡು ಬಚ್ಚಲು. ಎಲ್ಲ ಆದ ಮೇಲೆ ಒಂದೇ ಉಳಿಯಿತು. ನೀರು. ಮೇಲಿನ ಟ್ಯಾಂಕಿನ ವಾಲ್ವ್ ಪೆಟ್ಟಿಗೆಗೆ ಬೀಗ ಹಾಕಿತ್ತು, ಬೀಗದ ಕೈ ಕಾವಲುಗಾರನ ಸೊಂಟದಲ್ಲಿತ್ತು.

ಅವನು ಗೇಟಿನ ಹತ್ತಿರ ನಿಂತು ಇಷ್ಟನ್ನೂ ನೋಡುತ್ತಿದ್ದ. ನಮ್ಮವರು ಅವನ ಎದುರು ಹೋಗಿ ನಿಂತರು.

"ನೀರು ನಿಲ್ಸೋದು ಆವತ್ತು ಮಾಡ್ಬೇಕಿತ್ತು" ಅಂದ ಕಾವಲುಗಾರ.

"ಹೌದು" ಅಂದರು ಇವರು.

ಅವನು ಇವರ ಕೈಗೆ ಬೀಗದ ಕೈ ಕೊಡಲಿಲ್ಲ. ತಾನೇ ಮೆಟ್ಟಿಲು ಹತ್ತಿ ಹೋಗಿ ವಾಲ್ವ್ ತಿರುಗಿಸಿದ.

ಸೋಮವಾರ ಬೆಳಿಗ್ಗೆ ನಾವು ಹೋದಾಗ ನೋಡಬೇಕಿತ್ತು. ಎರಡನೇ ಮಹಡಿಯ ಸೂರು, ಮೊದಲ ಮಹಡಿಯ ಸೂರು, ಎಲ್ಲ ಒದ್ದೆ. ಕೆಲವು ಕಡೆ ತಟಪಟ ಅಂತ ತೊಟ್ಟಿಕ್ಕುತ್ತಿತ್ತು. ಮೇಲಿನ ಬಚ್ಚಲುಗಳಲ್ಲಿ ನಾಲ್ಕು ಬೆರಳಿದ್ದ ನೀರು ಎರಡು ಬೆರಳಿಗೆ ಇಳಿದಿತ್ತು. ಒಂದು ಟೈಲ್ಸಿಲ್ಲ, ಒಂದು ಮೊಳೆಯಿಲ್ಲ. ನಮ್ಮ ಕೆಲಸ ಕೆಟ್ಟರೆ ನಮಗೆ ಹೊಟ್ಟೆ ಉರಿಯುತ್ತದೆ; ಅವತ್ತು ಆ ಒದ್ದೆ ಸೂರು ನೋಡಿ ಇಪ್ಪತ್ತು ಜನಕ್ಕೂ ಖುಷಿಯಾಯಿತು. ಇಂಥದ್ದಕ್ಕೆ ಖುಷಿಪಡುವ ಸ್ಥಿತಿಗೆ ನಮ್ಮನ್ನು ತಂದಿದ್ದರು.

ಸೈಟ್ ಆಫೀಸ್ ಅದೇ ಕಟ್ಟಡದ ಕೆಳಗಿನ ಮನೆಯಲ್ಲಿ. ಹನ್ನೊಂದಕ್ಕೆ ತನಿಖೆಯ ಸಾಹೇಬರು ಬಂದು ನಡುಮನೆಯಲ್ಲಿ ಮೇಜಿನ ಮುಂದೆ ಕೂತರು. ಮೋಡ ಕವಿದಿತ್ತು, ಲೈಟ್ ಹಾಕಿದ್ದರು. ಬಿಳಿ ಹೆಲ್ಮೆಟ್ ಬಿಸ್ಕೆಟ್ ತಟ್ಟೆ ಮುಂದಿಟ್ಟ. ನಾವೆಲ್ಲ ಬಾಗಿಲಲ್ಲಿ ನಿಂತೆವು.

"ಸಾಹೇಬ್ರೇ, ಒಂದ್ಸಲ ಮೇಲೆ ಬಂದು ನೋಡಿ" ಅಂದೆ ನಾನು. "ಇಲ್ಲಿ ಮೊಳೆನೇ ಹೊಡೆದಿಲ್ಲ, ಆದ್ರೂ ಸೋರ್ತಿದೆ."

"ಯಾರಮ್ಮ ನೀನು?"

"ಟ್ಯೂಬಿನ ಇನ್ನೊಂದು ತುದಿ ಹಿಡಿಯೋಳು."

ಸಾಹೇಬರಿಗೆ ಅರ್ಥವಾಗಲಿಲ್ಲ. "ನಾನು ಬಂದಿರೋದು ಮುಂದಿನ ಕಟ್ಟಡದ ವಿಷಯಕ್ಕೆ. ಈ ಕಟ್ಟಡ ನನ್ನ ಕಾಗದದಲ್ಲಿಲ್ಲ."

"ಹಾಗಾದ್ರೆ ಮುಂದಿನ ಕಟ್ಟಡಕ್ಕೇ ಬನ್ನಿ. ಕೆಳಗಿನ ಸಾಲು ಒಡೆದು ತೋರಿಸ್ತೀವಿ. ಮೊಳೆ ತೂತು ಒಂದು ಸಿಕ್ರೂ ನೀವು ಹೇಳಿದ ಕಡೆ ಸೈನ್ ಹಾಕ್ತಾರೆ."

"ಮೂರನೇ ಮಹಡಿ ಹತ್ತೋಕಾಗಲ್ಲಮ್ಮ, ನನಗೆ ಮಂಡಿನೋವು. ಎಲ್ಲಾ ಬರೆದಾಗಿದೆ." ಕಾಗದವನ್ನು ಮೇಜಿನ ಮೇಲೆ ತಿರುಗಿಸಿ ನಮ್ಮವರ ಕಡೆ ತಳ್ಳಿದರು. ಅದೇ ಕಾಗದ, ಅದೇ ಮೊಳೆ. ಕೆಳಗೆ ಮೊಹರು ಆಗಲೇ ಬಿದ್ದಿತ್ತು. "ಸೈನ್ ಮಾಡಪ್ಪ, ನನಗೆ ಇನ್ನೂ ಎರಡು ಕಡೆ ಹೋಗೋದಿದೆ."

ಆಗ ಆ ಕಾಗದದ ಮೇಲೆ ಒಂದು ಹನಿ ಬಿತ್ತು.

ಎಲ್ಲರೂ ತಲೆ ಎತ್ತಿದೆವು. ಮೊದಲ ಮಹಡಿಯ ಬಚ್ಚಲಿನ ನೀರು ವಯರ್ ಪೈಪು ಹಿಡಿದು ಬಂದು, ನಡುಮನೆಯ ಲೈಟಿನ ತೂತಿನಿಂದ ಇಳಿಯುತ್ತಿತ್ತು. ಇನ್ನೊಂದು ಹನಿ ಬಿತ್ತು. ಲೈಟ್ ಮಿಣಮಿಣ ಅಂದಿತು. ಸಾಹೇಬರು ಬಿಸ್ಕೆಟ್ ಬಿಟ್ಟು ಕುರ್ಚಿ ಸಮೇತ ಹಿಂದಕ್ಕೆ ಹಾರಿದರು. ಮಂಡಿನೋವು ಎಲ್ಲಿ ಹೋಯಿತೋ!

"ಅಯ್ಯೋ, ಲೈಟ್ ಆರ್ಸಿ! ಮೊದ್ಲು ಲೈಟ್ ಆರ್ಸಿ!"

ಸ್ವಿಚ್ಚು ಬಿಳಿ ಹೆಲ್ಮೆಟ್‌ನ ಬೆನ್ನ ಹಿಂದೆಯೇ ಇತ್ತು. ಅದರ ಪಕ್ಕದ ಗೋಡೆ ಕಪ್ಪಗೆ ಒದ್ದೆಯಾಗಿತ್ತು. ಅವನು ಸ್ವಿಚ್ಚಿನ ಕಡೆ ನೋಡಿದ, ತನ್ನ ಕೈ ನೋಡಿಕೊಂಡ. ಆಮೇಲೆ ಬಾಗಿಲ ಕಡೆ ತಿರುಗಿ ಕಾವಲುಗಾರನಿಗೆ ಹೇಳಿದ.

"ಏಯ್, ಬಾರೋ ಇಲ್ಲಿ. ಸ್ವಿಚ್ ಆರ್ಸು."

ಕಾವಲುಗಾರ ಒಳಗೆ ಬಂದ. ಸ್ವಿಚ್ಚಿನಿಂದ ಎರಡು ಹೆಜ್ಜೆ ದೂರದಲ್ಲಿ ನಿಂತ. ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡ.

"ನೀವೇ ಆರ್ಸಿ ಸಾರ್" ಅಂದ. "ಅವಳೂ ಹೀಗೇ ಆರ್ಸೋಕೆ ಹೋಗಿದ್ಲು."

ಹನಿ ಬೀಳುತ್ತಲೇ ಇತ್ತು. ಬಿಳಿ ಹೆಲ್ಮೆಟ್‌ ಕೈ ಚಾಚಲಿಲ್ಲ. ಕೊನೆಗೆ ಪ್ಲಂಬರ್ ಹೊರಗೆ ಹೋಗಿ ಮೇನ್ ಇಳಿಸಿ ಬಂದ.

ನಮ್ಮವರು ಸಭೆಯಲ್ಲಿ ಮಾತಾಡಿದವರಲ್ಲ. ಮದುವೆಯ ದಿನ ಹೆಸರು ಕೇಳಿದರೆ ನನ್ನ ಮುಖ ನೋಡಿದವರು. ಅವತ್ತು ಮೇಜಿನ ಹತ್ತಿರ ಹೋಗಿ, ಒದ್ದೆಯಾದ ಕಾಗದವನ್ನು ನೇರ ಮಾಡಿ ಸಾಹೇಬರ ಕಡೆಗೇ ತಿರುಗಿಸಿ ಇಟ್ಟರು.

"ಮೊಳೆ ಎಲ್ಲಿದೆ ತೋರ್ಸಿ ಸಾಹೇಬ್ರೇ."

"ಎಲ್ಲಿದೆ ತೋರ್ಸಿ" ಅಂದ ಹಿಂದಿನಿಂದ ಕೋಟಿಂಗ್ ಬಳಿಯುವವನು. "ಬಳಿದವನು ನಾನು. ಎರಡೇ ಡಬ್ಬಿ. ಬರ್ಕೊಳ್ಳಿ."

"ಬರ್ಕೊಳ್ಳಿ" ಅಂದರು ಹೆಂಗಸರು.

ಸಾಹೇಬರು ಬರೆದುಕೊಂಡರು ಅಂದುಕೊಂಡಿರಾ? ಕರವಸ್ತ್ರದಿಂದ ಕಾಗದ ಒತ್ತಿ, ನೀರು ಹೀರಿಸಿ, ಚೀಲಕ್ಕೆ ಹಾಕಿಕೊಂಡು ಹೋದರು. ಸಹಿ ಹಾಕುವ ಜಾಗದಲ್ಲಿ 'ಮೇಸ್ತ್ರಿ ಸಹಿ ಮಾಡಲು ಒಪ್ಪಲಿಲ್ಲ' ಅಂತ ತಾವೇ ಬರೆದರಂತೆ. ಮೇಲಿನ ಮೊಳೆ ಹಾಗೇ ಇದೆ. ಬುಧವಾರ ಠಾಣೆಯಿಂದ ಕರೆ ಬಂತು. ಅವತ್ತಿನಿಂದ ನಮ್ಮವರು ದಿನಾ ಬೆಳಿಗ್ಗೆ ಹೋಗಿ ಮಧ್ಯಾಹ್ನದವರೆಗೆ ಠಾಣೆಯ ಬೆಂಚಿನ ಮೇಲೆ ಕೂತು ಬರಬೇಕು. ಯಾಕೆ ಅಂತ ಕೇಳಿದರೆ, ಕೂತ್ಕೋ ಅನ್ನುತ್ತಾರೆ. ಅಕ್ಕ ಇನ್ನೂ ಆಸ್ಪತ್ರೆಯಲ್ಲಿದ್ದಾಳೆ. ಅವಳ ಬಲಗೈಯ ಎರಡು ಬೆರಳು ತೆಗೆದರು. ಕಂಪನಿಯಿಂದ ಯಾರೂ ಬರಲಿಲ್ಲ.

ಆದರೆ ಹಿಂದಿನ ಕಟ್ಟಡದಲ್ಲಿ ನಿಲ್ಲಿಸಿದ ನೀರನ್ನು ನಾವು ಯಾರೂ ಹೊರಗೆ ಬಿಡಲಿಲ್ಲ. ಇಳಿದಷ್ಟನ್ನು ಕಾವಲುಗಾರ ಮತ್ತೆ ತುಂಬುತ್ತಿದ್ದ. ಮೂರನೇ ದಿನ ಅವನ ಕೆಲಸ ತೆಗೆದರು, ಅಷ್ಟರಲ್ಲಿ ಟ್ಯಾಂಕ್ ಖಾಲಿಯಾಗಿತ್ತು. ಎರಡು ಸಲ ಬಳಿದು, ನೀರು ನಿಲ್ಲಿಸಿ ನೋಡಿ, ಒಣ ಸೂರು ಕಾಣಿಸುವವರೆಗೆ ಒಂದು ಟೈಲ್ಸನ್ನೂ ಮುಟ್ಟುವುದಿಲ್ಲ ಅಂತ ಇಪ್ಪತ್ತು ಜನವೂ ಗೇಟಿನ ಹೊರಗೆ ಕೂತಿದ್ದೇವೆ. ನನ್ನ ಕೊಡ ಈಗ ನಲ್ಲಿಯ ಸಾಲಿನಲ್ಲಿ ಮೊದಲಿರುತ್ತದೆ. ಅಜ್ಜಿಯೇ ಇಡುತ್ತಾಳೆ. ಮಾತಾಡುವುದಿಲ್ಲ, ಇಡುತ್ತಾಳೆ ಅಷ್ಟೇ.

ಇವತ್ತು ಬೆಳಿಗ್ಗೆ ಬಿಳಿ ಹೆಲ್ಮೆಟ್ ಬೇರೆ ಊರಿನಿಂದ ಆರು ಜನ ಟೈಲ್ಸಿನವರನ್ನು ವ್ಯಾನಿನಲ್ಲಿ ತುಂಬಿಕೊಂಡು ಬಂದ. ನಮ್ಮವರು ಠಾಣೆಯ ಬೆಂಚಿನ ಮೇಲೆ ಇದ್ದರು. ಅವರ ಬದಲಿಗೆ ನಾನೇ ಎದ್ದು ವ್ಯಾನಿನ ಹಿಂದೆ ನಡೆದೆ. ತಡೆಯಲಿಲ್ಲ, ಬೈಯಲಿಲ್ಲ. ಬೈಯಲು ಅವರೇನು ಬೇರೆಯವರೇ? ಅವರ ಬೆರಳ ಸಂದಿಗಳೂ ನನ್ನ ಹಾಗೇ ಸೀಳಿದ್ದವು. ಅವರ ಜೊತೆಯಲ್ಲೇ ಮೊದಲ ಮಹಡಿಯ ಬಚ್ಚಲಿನವರೆಗೆ ಹತ್ತಿ ಬಾಗಿಲಲ್ಲಿ ನಿಂತೆ.

ಅವರಲ್ಲಿ ಹಿರಿಯ ಮೇಸ್ತ್ರಿ ಒಬ್ಬ, ನರೆತ ಮೀಸೆಯವನು, ಒಳಗೆ ಕಾಲಿಟ್ಟ. ಬಿಳಿ ಗೋಡೆ ನೋಡಿದ. ನಾನು ಬಾಗಿಲನ್ನು ಸ್ವಲ್ಪ ಎಳೆದೆ, ಅಷ್ಟೇ. ಅವನು ಬಾಗಿಲ ಹಿಂದಕ್ಕೆ ತಿರುಗಿದ. ಆಮೇಲೆ ಬೆರಳಿನಿಂದ ಗೋಡೆ ಉಜ್ಜಿ, ಬೆರಳಿಗೆ ಅಂಟಿದ ಬೂದು ಪುಡಿಯನ್ನು ಬೆಳಕಿಗೆ ಹಿಡಿದು ನೋಡಿದ.

"ಏನ್ ನೋಡ್ತಿದೀಯ? ಪಟ್ಟಿ ಹೊಡಿ, ಶುರು ಮಾಡು" ಅಂದ ಬಿಳಿ ಹೆಲ್ಮೆಟ್.

ಮೇಸ್ತ್ರಿ ಹೆಗಲ ಚೀಲವನ್ನು ಕೆಳಗಿಳಿಸಿದ. ಬಿಚ್ಚಲಿಲ್ಲ.

"ಸಾರ್," ಅಂದ, "ನೀರು ನಿಲ್ಸಿ ನೋಡಿದ್ರಾ?"

ಆರು ತಿಂಗಳ ಹಿಂದೆ ನನ್ನ ಗಂಡ ಇದೇ ಮಾತು ಕೇಳಿದಾಗ ಅವರ ಹಿಂದೆ ನಾನೊಬ್ಬಳೇ ಇದ್ದೆ, ನಾನೂ ಬಾಯಿ ಮುಚ್ಚಿಕೊಂಡಿದ್ದೆ. ಇವತ್ತು ಆ ಮುದುಕನ ಹಿಂದೆ ಐದು ಜನ ನಿಂತಿದ್ದರು. ಐವರೂ ಒಬ್ಬರಾದ ಮೇಲೆ ಒಬ್ಬರಂತೆ ಚೀಲ ಕೆಳಗಿಟ್ಟರು.